ನಲವತ್ತೊಂದು ಅರ್ಜಿ, ಒಂದೇ ಒಕ್ಕಣೆ

೩ ಫೆಬ್ರವರಿ

ಮಗಳೇ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಒಡೆದಾದರೂ ನೋಡುತ್ತೀಯ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಕಂಡಕಂಡವರ ಅರ್ಜಿ ಬರೆದು ಹೊಟ್ಟೆ ಹೊರೆದವನು ನಾನು. ಸ್ವಂತ ಮಗಳಿಗೆ ಬರೆಯಲು ಮೊದಲ ಸಾಲು ಸಿಗದೆ ಎರಡು ಹಾಳೆ ಹರಿದು ಹಾಕಿದೆ. ನಗಬೇಡ.

ನಮ್ಮ ಓಣಿಗೆ ಆಪತ್ತು ಬಂದಿದೆ. ಹೋದ ವಾರ ಇಬ್ಬರು ಬಂದು ಪ್ರತಿ ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ಒಂದೊಂದು ನಂಬರು ಬರೆದು ಹೋದರು. ರೈಲು ನಿಲ್ದಾಣದಿಂದ ಹೊಸ ಮಾರುಕಟ್ಟೆ ಕಟ್ಟಡದವರೆಗೆ ಅರವತ್ತು ಅಡಿ ರಸ್ತೆ ಬರುತ್ತದಂತೆ. ನಮ್ಮ ಓಣಿ ಇರುವುದೇ ಐದು ಅಡಿ. ಉಳಿದ ಐವತ್ತೈದು ಅಡಿ ಆಕಾಶದಿಂದ ಬೀಳುವುದಿಲ್ಲವಲ್ಲ, ಎರಡೂ ಬದಿಯ ನಲವತ್ತು ಮನೆಗಳು ಅದರೊಳಗೆ ಹೋಗುತ್ತವೆ. ನಮಗೆಲ್ಲ ಊರಾಚೆ, ಏಳು ಕಿಲೋಮೀಟರ್ ದೂರದ ಹೊಸ ಕಟ್ಟಡಗಳಲ್ಲಿ ಮನೆ ಕೊಡುತ್ತಾರಂತೆ. ರೇಡಿಯೋ ಅಜ್ಜಿಗೆ ಮಾತ್ರ ಬಣ್ಣ ಬಳಿಯುವ ಮುಂಚೆಯೇ ಸುದ್ದಿ ಗೊತ್ತಿತ್ತು. ಆಕೆಗೆ ಗೊತ್ತಿಲ್ಲದೆ ಈ ಓಣಿಯಲ್ಲಿ ಬೆಕ್ಕೂ ಮರಿ ಹಾಕುವುದಿಲ್ಲ.

ಎದೆ ಒಡೆದುಕೊಳ್ಳುವಂಥದ್ದೇನೂ ಇಲ್ಲ. ತಕರಾರು ಸಲ್ಲಿಸಲು ಮಾರ್ಚ್ ೩೧ರ ಸಂಜೆ ಐದು ಗಂಟೆಯವರೆಗೆ ಸಮಯ ಕೊಟ್ಟಿದ್ದಾರೆ. ಇಪ್ಪತ್ತೈದು ತಕರಾರು ಬಂದರೆ ಅಧಿಕಾರಿಗಳೇ ಇಲ್ಲಿಗೆ ಬಂದು ಎಲ್ಲರೆದುರು ಬಹಿರಂಗ ವಿಚಾರಣೆ ನಡೆಸಬೇಕು. ಒಂದು ಕಡಿಮೆಯಾದರೂ ವಿಚಾರಣೆಯಿಲ್ಲ, ನಕ್ಷೆ ಹಾಗೆಯೇ ಪಾಸು. ಓಣಿಯವರೆಲ್ಲ ಸೇರಿ, "ನೀವಿರೋವಾಗ ನಮಗ್ಯಾಕೆ ಚಿಂತೆ ಮೇಷ್ಟ್ರೇ, ನೀವೇ ಬರೆದುಬಿಡಿ" ಅಂದರು. ನಾನು ಯಾರಿಗೂ ಪಾಠ ಹೇಳಿದವನಲ್ಲ, ಆದರೂ ಮೇಷ್ಟ್ರು. ನಾಲ್ಕು ದಿನ ಟೈಪ್‌ರೈಟರ್ ಮುಂದೆ ಕೂತು, ಕಾರ್ಬನ್ ಇಟ್ಟು ನಲವತ್ತೊಂದು ಅರ್ಜಿ ಹೊಡೆದೆ. ಹೆಸರು, ಮನೆ ನಂಬರು ಬೇರೆ ಬೇರೆ, ಒಕ್ಕಣೆ ಒಂದೇ. ನನ್ನ ಒಕ್ಕಣೆ ಈವರೆಗೆ ಯಾವ ಮೇಜಿನಿಂದಲೂ ವಾಪಸು ಬಂದಿಲ್ಲ. ಎಲ್ಲವನ್ನೂ ಒಂದೇ ಕಟ್ಟು ಮಾಡಿ ನಿನ್ನೆ ರಿಜಿಸ್ಟರ್ ಪೋಸ್ಟ್ ಮಾಡಿದೆ.

ಆ ಕಟ್ಟು ಬರುವುದು ನೀನಿರುವ ಯೋಜನಾ ಕಚೇರಿಗೇ, ನಿನ್ನ ಟಪಾಲು ವಿಭಾಗಕ್ಕೇ. ತಲುಪಿತೇ ಎಂದು ಒಂದು ಸಾಲು ಬರೆ, ಸಾಕು. ಬೇರೇನೂ ಕೇಳುವುದಿಲ್ಲ.

ಎರಡು ವರ್ಷದಿಂದ ನಿನ್ನ ದನಿ ಕೇಳದ,
ಅಪ್ಪ

೧೪ ಫೆಬ್ರವರಿ

ಅಪ್ಪ,

ಕಟ್ಟು ಬಂದಿದೆ. ನಾನೇ ಬಿಚ್ಚಿದೆ, ಆವಕ ಪುಸ್ತಕದಲ್ಲಿ ನಾನೇ ನಮೂದಿಸಿದೆ. ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಮೂವತ್ತನಾಲ್ಕನೆಯದು ನನ್ನ ಹೆಸರಿನಲ್ಲಿದೆ. ಸಹಿ ನನ್ನದಲ್ಲ. ಅದರ ಮೂರನೇ ವಾಕ್ಯ ಹೀಗಿದೆ: "ಸದರಿ ಓಣಿಯ ಅಗಲವು ನಿವಾಸಿಗಳ ಎಲ್ಲ ಅಗತ್ಯಗಳಿಗೂ ಸಾಕಾಗುವಷ್ಟಿದ್ದು, ಈವರೆಗೆ ಯಾರಿಗೂ ಯಾವುದೇ ತೊಂದರೆಯಾಗಿರುವುದಿಲ್ಲ."

ಹನ್ನೊಂದು ಜನರ ನಡುವೆ ಕೂತು ಅದನ್ನು ಓದಿದೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ.

ದಯವಿಟ್ಟು ಈ ವಿಷಯವಾಗಿ ನನಗೆ ಇನ್ನು ಬರೆಯಬೇಡಿ. ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ.

ನಿಮ್ಮ ಮಗಳು

೨೨ ಫೆಬ್ರವರಿ

ಮಗಳೇ,

ನೀವು, ನಿಮ್ಮ, ದಯವಿಟ್ಟು. ಚಿಕ್ಕಂದಿನಿಂದ "ನೀನು" ಅಂದು, ಕೋಪ ಬಂದರೆ "ಹೋಗಯ್ಯ" ಅಂದ ಬಾಯಿ ನಿನ್ನದು. ಕಚೇರಿಯ ಕಾಗದವನ್ನೇ ನನಗೆ ಕಳಿಸಿದೆಯೋ ಎಂದು ಲಕೋಟೆ ತಿರುಗಿಸಿ ನೋಡಿದೆ.

ಸಹಿ ಹಾಕಿದ್ದು ನಾನು, ಒಪ್ಪಿಕೊಳ್ಳುತ್ತೇನೆ. ಈ ಮನೆಯ ಪಟ್ಟಿಯಲ್ಲಿ ನಿನ್ನ ಹೆಸರು ಇನ್ನೂ ಇದೆ, ಒಂದು ಜಾಸ್ತಿಯಾಗಲಿ ಎಂದು ಹಾಕಿದೆ. ಶಾಲೆಯ ರಜಾಚೀಟಿಯಿಂದ ಹಿಡಿದು ನಿನ್ನ ಕೆಲಸದ ಅರ್ಜಿಯವರೆಗೆ ಬರೆದವನು ನಾನೇ ಅಲ್ಲವೇ? ಅಂದೆಲ್ಲ ಚೆನ್ನಾಗಿದ್ದದ್ದು ಇಂದು ಅಪರಾಧವಾಯಿತೇ?

ಇನ್ನು ಮೂರನೇ ವಾಕ್ಯ. ಅದು ಅರ್ಜಿಯ ಭಾಷೆ, ತಾಯಿ. ಅರ್ಜಿಯಲ್ಲಿ ನಡೆದದ್ದನ್ನೆಲ್ಲ ಬರೆಯುವುದಿಲ್ಲ, ಕೆಲಸವಾಗುವುದನ್ನು ಬರೆಯುತ್ತಾರೆ. ರಸ್ತೆ ಬೇಡ ಎನ್ನುವವನು ಓಣಿ ಇಕ್ಕಟ್ಟು ಎಂದು ತಾನೇ ಬರೆದುಕೊಟ್ಟರೆ ಗುದ್ದಲಿಯನ್ನೂ ಅವನೇ ಕೊಟ್ಟಂತೆ. ಇದು ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಗೊತ್ತಿದ್ದೂ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದೀಯ.

ಇಲ್ಲಿ ಗಾಳಿ ಸರಿಯಿಲ್ಲ. ಕಟ್ಟಡದ ಕಂಪನಿಯವನೊಬ್ಬ ದಿನಾ ಬರುತ್ತಾನೆ, ಬಿಳಿ ಅಂಗಿ, ಕೈಯಲ್ಲಿ ಬಣ್ಣದ ಚಿತ್ರಗಳು. ಹೊಸ ಮನೆಗಳ ಚಿತ್ರ ತೋರಿಸುತ್ತಾನೆ, ಮೊದಲು ಒಪ್ಪಿದವರಿಗೆ ಕೆಳಗಿನ ಅಂತಸ್ತು ಎನ್ನುತ್ತಾನೆ. ನಿನ್ನೆ ಮೂರು ಮನೆಯಲ್ಲಿ ಕೂತು ಚಹಾ ಕುಡಿದ. ಅವನು ಹೊರಟ ಮೇಲೆ ಆ ಮೂರು ಮನೆಯವರು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ. ಬಡಗಿ ಮಾತ್ರ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ಚಿತ್ರ ಚೆನ್ನಾಗೈತೆ, ಚೌಕಟ್ಟು ಬೇಕಿದ್ರೆ ಹೇಳಿ, ಹಾಕ್ಕೊಡ್ತೀನಿ" ಅಂದನಂತೆ.

ಕುಣಿಯಲಿ ಬಿಡು. ಬೇಕಾದದ್ದು ಇಪ್ಪತ್ತೈದು, ನಮ್ಮ ಬಳಿ ನಲವತ್ತೊಂದಿವೆ.

ನಿನ್ನ ಮುನಿಸಿಗೆ ಹೆದರದ, ಆದರೆ ಎರಡು ದಿನದಿಂದ ಸರಿಯಾಗಿ ಉಣ್ಣದ,
ಅಪ್ಪ

೧ ಮಾರ್ಚ್

ಅಪ್ಪ,

ಬರೆಯಬಾರದು ಎಂದುಕೊಂಡಿದ್ದೆ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ.

ಕಚೇರಿಯ ಪ್ರಕಟಣೆ ನಿಮ್ಮ ವಾರ್ಡಿನ ಗೋಡೆಗೂ ಅಂಟಿಸಿದ್ದಾರೆ, ಅದರ ಪುಸ್ತಿಕೆ ಮನೆಮನೆಗೂ ಹಂಚಿದ್ದಾರೆ. ಹಾಗಾಗಿ ಇದು ಗುಟ್ಟಲ್ಲ, ನಾನು ಹೇಳಿದರೆ ತಪ್ಪೂ ಅಲ್ಲ. ಒಂಬತ್ತನೇ ಪುಟದ ಕೊನೆಯ ಕಂಡಿಕೆ ಓದಿ. "ಒಂದೇ ಒಕ್ಕಣೆಯ ಅರ್ಜಿಗಳು ಎಷ್ಟೇ ಬಂದರೂ ಅವನ್ನು ಒಂದೇ ತಕರಾರು ಎಂದು ಪರಿಗಣಿಸಲಾಗುವುದು."

ನೀವು ಓದಿಲ್ಲ. ನಿಮಗೆ ಎಲ್ಲ ಗೊತ್ತಿರುವುದರಿಂದ ಓದುವ ಅಗತ್ಯ ಬೀಳುವುದಿಲ್ಲ. ಮೂವತ್ತೈದು ವರ್ಷ ಯಾವ ಮೇಜಿನಿಂದಲೂ ವಾಪಸು ಬರದ ಒಕ್ಕಣೆ ಈಗಲೂ ವಾಪಸು ಬಂದಿಲ್ಲ. ನಲವತ್ತೊಂದು ಜನರನ್ನು ಒಬ್ಬನನ್ನಾಗಿ ಮಾಡಿ ಇಲ್ಲೇ ಕೂತಿದೆ. ಆವಕ ಪುಸ್ತಕದಲ್ಲಿ ನಮ್ಮ ಓಣಿಯ ಎದುರು "ಒಂದು" ಎಂದು ಬರೆದದ್ದು ನನ್ನ ಕೈ. ಬದಲಿ ಅರ್ಜಿ ಕೊಡಲು ಕೊನೆಯ ದಿನದವರೆಗೆ ಅವಕಾಶವಿದೆ.

ಮೂವತ್ತನಾಲ್ಕನೆಯ ಹಾಳೆ ನನ್ನ ಮೇಜಿನ ಖಾನೆಯಲ್ಲಿದೆ. ಅದನ್ನು ಕಡತಕ್ಕೆ ಸೇರಿಸಿದರೆ ಸುಳ್ಳು ಸಹಿಗೆ ನಾನೇ ಒಪ್ಪಿಗೆ ಕೊಟ್ಟ ಹಾಗೆ. ಸುಳ್ಳು ಎಂದು ತಿಳಿಸಿದರೆ ಇಡೀ ಕಟ್ಟು ತನಿಖೆಗೆ ಹೋಗುತ್ತದೆ, ಉಳಿದ ನಲವತ್ತು ಜನರ ಸಹಿಯ ಮೇಲೂ ಅನುಮಾನ. ಹರಿದು ಹಾಕಿದರೆ ನಾನು ಕಳ್ಳಿ. ದಿನಾ ಬೆಳಿಗ್ಗೆ ಬಂದ ಕೂಡಲೆ ಖಾನೆ ಎಳೆದು ಅದು ಇದೆಯೇ ಎಂದು ನೋಡುತ್ತೇನೆ. ಯಾರಾದರೂ ನನ್ನ ಮೇಜಿನ ಹತ್ತಿರ ಬಂದರೆ ಮೊಣಕಾಲಿನಿಂದ ಖಾನೆ ಮುಚ್ಚುತ್ತೇನೆ. ಈ ಕೆಲಸ ಕಾಯಂ ಆಗಲು ಇನ್ನೂ ಏಳು ತಿಂಗಳಿದೆ.

ಅರ್ಜಿಯ ಭಾಷೆ ಎಂದಿರಿ. ಅಮ್ಮ ಹೋದಾಗ ನೆಂಟರಿಗೆಲ್ಲ ಕಾಗದ ಹಾಕಿದಿರಿ, ಕೆಳಗೆ ನಿಮ್ಮ ಹೆಸರು, ನನ್ನ ಹೆಸರು. "ನಮ್ಮೆಲ್ಲರ ನಡುವೆ, ಯಾವುದೇ ಸಂಕಟವಿಲ್ಲದೆ ಶಾಂತವಾಗಿ ಕೊನೆಯುಸಿರೆಳೆದಳು." ಅದೂ ಅರ್ಜಿಯ ಭಾಷೆಯೇ?

ಆಂಬುಲೆನ್ಸ್ ಓಣಿಯ ಬಾಯಲ್ಲಿ, ಸೈಕಲ್ ಅಂಗಡಿ ಹತ್ತಿರ ನಿಂತಿತ್ತು. ಸ್ಟ್ರೆಚರ್ ತಂದವರಿಗೆ ನಲ್ಲಿ ಇರುವ ತಿರುವಿನಲ್ಲಿ ಅದನ್ನು ತಿರುಗಿಸಲಾಗಲಿಲ್ಲ. ಉದ್ದಕ್ಕೆ ಹಿಡಿದರು, ಓರೆ ಮಾಡಿದರು, ಮೇಲೆತ್ತಿದರು. ಕೊನೆಗೆ ನಿಮ್ಮ ಬರೆಯುವ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಜಾರದಂತೆ ಸೀರೆಯಿಂದ ಕಟ್ಟಿ, ಬಡಗಿ ಮಾಮ ಮುಂದೆ, ಅವರ ತಮ್ಮ ಹಿಂದೆ ಹೊತ್ತರು. ದರ್ಜಿಯಮ್ಮನ ಅಂಗಡಿಯ ಬೋರ್ಡು ಕುರ್ಚಿಗೆ ಅಡ್ಡ ಬಂತು, ಅದನ್ನು ಕಳಚುವವರೆಗೆ ಅಮ್ಮನನ್ನು ನೆಲಕ್ಕಿಳಿಸಿ ನಿಂತಿದ್ದೆವು. ಮಹಡಿಯ ದಾದಿ ಅಕ್ಕ ನಾಡಿ ಬಿಡದೆ ಜೊತೆಗೆ ಬಂದರು. ನಮ್ಮ ಬಾಗಿಲಿಂದ ಸೈಕಲ್ ಅಂಗಡಿಗೆ ಹನ್ನೊಂದು ನಿಮಿಷ. ಅಮ್ಮನ ಮುಖ ನೋಡಲಾಗದೆ ನಾನು ಗಡಿಯಾರ ನೋಡುತ್ತಿದ್ದೆ, ಅದಕ್ಕೇ ಗೊತ್ತು.

ನೀವು ಅಲ್ಲಿರಲಿಲ್ಲ. ಮುಂದೆ ಹೋಗಿ ಆಂಬುಲೆನ್ಸ್ ಪಕ್ಕ ನಿಂತಿದ್ದಿರಿ. ನೋಡದವರು ಬೇಕಾದ್ದು ಬರೆಯಬಹುದು.

ಈಗ ಎರಡನೇ ಸಲ, ನನ್ನ ಹೆಸರಿನಲ್ಲೇ, ಯಾರಿಗೂ ಯಾವ ತೊಂದರೆಯೂ ಆಗಿಲ್ಲ ಎಂದು ಬರೆದಿದ್ದೀರಿ.

ಮಗಳು

೧೦ ಮಾರ್ಚ್

ಮಗಳೇ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ದಿನ ನಿನ್ನ ಮೇಲೆ ಬೆಂಕಿಯಾದೆ. ಎರಡನೇ ದಿನ ಒಂಬತ್ತನೇ ಪುಟ ಓದಿದೆ. ಪುಸ್ತಿಕೆ ಎಲ್ಲಿತ್ತು ಗೊತ್ತೇ? ಟೈಪ್‌ರೈಟರ್ ಅಲುಗಾಡದಿರಲಿ ಎಂದು ಅದರ ಕಾಲಿನ ಕೆಳಗೆ ಮಡಚಿ ಇಟ್ಟಿದ್ದೆ.

ಮೂರನೇ ದಿನ ಬೆಳಿಗ್ಗೆ ಎಲ್ಲರನ್ನೂ ನಲ್ಲಿ ಹತ್ತಿರ ಕರೆದು ನಡೆದದ್ದು ಹೇಳಿದೆ. ಒಕ್ಕಣೆ ಒಂದೇ ಆದದ್ದರಿಂದ ನಾವೆಲ್ಲ ಒಬ್ಬರೇ ಆಗಿದ್ದೇವೆ, ಇನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನು ತಮ್ಮ ಮಾತಿನಲ್ಲಿ ಬರೆಯಬೇಕು, ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದೆ. ಇವನನ್ನು ನಂಬಿ ಕೆಟ್ಟೆವು ಎಂದು ಮುಖದಲ್ಲೇ ಬರೆದಿತ್ತು. ರೇಡಿಯೋ ಅಜ್ಜಿ ಕೂಡ ಸುಮ್ಮನಿದ್ದಳು ಎಂದರೆ ನೀನೇ ಊಹಿಸಿಕೋ.

ಆಮೇಲೆ ದಾದಿ ಬಾಯಿಬಿಟ್ಟಳು. ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು, ಕೈಯಲ್ಲಿ ಚೀಲ ಇನ್ನೂ ಹಾಗೇ ಇತ್ತು.

"ನನ್ನ ಮನಸ್ಸಲ್ಲಿರೋದನ್ನೇ ಬರೀಬೇಕಾ ಮೇಷ್ಟ್ರೇ?"

"ಹೂಂ."

"ಹಾಗಾದ್ರೆ ನನಗೆ ರಸ್ತೆ ಬೇಕು. ನಾಲ್ಕು ಮನೆಗೆ ಒಂದೇ ಬಚ್ಚಲು, ಗೋಡೆ ಮುಟ್ಟಿದ್ರೆ ಕೈ ಒದ್ದೆ. ನಿಮ್ಮ ಮೇಲಿನ ಮರ್ಯಾದೆಗೆ ಅವತ್ತು ಸೈನು ಹಾಕಿದ್ದೆ. ಓದಿದ್ಮೇಲೆ ಎರಡು ದಿನ ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ ನಂಗೆ. ಯಾರಿಗೂ ತೊಂದ್ರೆ ಆಗಿಲ್ಲ ಅಂತ ಬರೆದ್ರಲ್ಲ, ಅವತ್ತು ನಿಮ್ಮ ಹೆಂಡ್ತಿ ಕೈ ಹಿಡ್ಕೊಂಡು ನಡೆದಿದ್ದು ನಾನು. ಸೈಕಲ್ ಅಂಗಡಿ ಮುಟ್ಟೋ ಹೊತ್ತಿಗೆ ನಾಡಿ ಇರ್ಲಿಲ್ಲ. ನಿಮಗೆ ಹೇಳ್ಲಿಲ್ಲ, ಅಷ್ಟೆ. ಆಸ್ಪತ್ರೇಲಿ ಡಾಕ್ಟ್ರು ಹೇಳ್ಲಿ ಅಂತ ಬಿಟ್ಟೆ."

ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಜನ ಒಬ್ಬೊಬ್ಬರಾಗಿ ಚದುರಿದರು. ನಾನು ನಲ್ಲಿಕಟ್ಟೆಯ ಮೇಲೆ ಕೂತೆ. ಬಡಗಿ ಬಂದು ಪಕ್ಕದಲ್ಲಿ ಕೂತ.

ಮಗಳೇ, ನಾನು ಮುಂದೆ ಹೋದದ್ದು ಡ್ರೈವರನನ್ನು ನಿಲ್ಲಿಸಲು ಎಂದು ಎಲ್ಲರಿಗೂ ಹೇಳಿದ್ದೇನೆ. ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳನ್ನು ಆ ಕುರ್ಚಿಗೆ ಕಟ್ಟುವುದನ್ನು ನೋಡಲಾಗದೆ ಓಡಿಹೋದೆ. ಇದನ್ನು ಯಾವ ಒಕ್ಕಣೆಯಲ್ಲಿ ಬರೆಯಬೇಕೆಂದು ತಿಳಿಯದೆ ಶಾಂತವಾಗಿ ಎಂದು ಬರೆದೆ.

ಇವತ್ತು ಮಧ್ಯಾಹ್ನ ನಿನ್ನ ಕಚೇರಿಯ ಮುಖ್ಯಸ್ಥರಿಗೆ ಒಂದು ಕಾಗದ ಹಾಕಿದ್ದೇನೆ. ಮೂವತ್ತನಾಲ್ಕನೆಯ ಅರ್ಜಿಯ ಸಹಿ ನನ್ನ ಮಗಳದಲ್ಲ, ಅವಳಿಗೆ ತಿಳಿಯದಂತೆ ನಾನು ಹಾಕಿದ್ದು, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಉಳಿದ ನಲವತ್ತು ಸಹಿ ಅವರವರದೇ, ಬೇಕಾದರೆ ಒಬ್ಬೊಬ್ಬರನ್ನೂ ಕರೆದು ಕೇಳಿ ಎಂದು. ಕೈಯಲ್ಲೇ ಬರೆದೆ. ಇನ್ನು ಆ ಖಾನೆಯನ್ನು ಕಾಯಬೇಡ. ಹಾಳೆ ತೆಗೆದು ಕೊಟ್ಟುಬಿಡು.

ಅಪ್ಪ

೧೯ ಮಾರ್ಚ್

ಅಪ್ಪ,

ನಿಮ್ಮ ಕಾಗದ ಮುಖ್ಯಸ್ಥರಿಗೆ ತಲುಪಿದ ದಿನವೇ ನನ್ನನ್ನು ಒಳಗೆ ಕರೆದರು. ಹಾಳೆ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. "ಇಷ್ಟು ದಿನ ಇದನ್ನ ಖಾನೇಲಿ ಇಟ್ಕೊಂಡು ಏನಮ್ಮ ಮಾಡ್ತಿದ್ದೆ?" ಅಂದರು. ಹೆದರಿದ್ದೆ ಸರ್ ಅಂದೆ. ಇದ್ದದ್ದು ಅದೇ.

ಕೆಲಸದಿಂದ ತೆಗೆದಿಲ್ಲ. ಟಪಾಲಿನಿಂದ ಹಳೇ ಕಡತಗಳ ಕೋಣೆಗೆ ಹಾಕಿದ್ದಾರೆ, ಕಾಯಂ ಮಾಡುವ ವಿಷಯ ಆಮೇಲೆ ನೋಡೋಣ ಎಂದಿದ್ದಾರೆ. ಮೂರು ದಿನ ಯಾರೂ ನನ್ನೊಡನೆ ಊಟಕ್ಕೆ ಕೂರಲಿಲ್ಲ. ನಾಲ್ಕನೇ ದಿನ ಒಬ್ಬಳು ಬಂದು ಡಬ್ಬಿ ಬಿಚ್ಚಿದಳು.

ನಿಮ್ಮ ಬಗ್ಗೆ ಅಲ್ಲಿನ ನೋಂದಣಿ ಕಚೇರಿಗೆ ಬರೆಯುತ್ತಾರಂತೆ. ಅರ್ಜಿ ಬರೆಯುವ ಪರವಾನಗಿಗೆ ತೊಂದರೆಯಾಗಬಹುದು. ಇದು ಗೊತ್ತಿದ್ದೇ ಬರೆದಿರಾ?

ನಮ್ಮ ಓಣಿಯಿಂದ ಎಷ್ಟು ಬಂದಿವೆ ಎಂಬುದು ಈಗ ನನ್ನ ಕಣ್ಣಿಗೆ ಬೀಳುವುದಿಲ್ಲ.

ಆ ದಿನ ನೀವು ಓಡಿಹೋದಿರಿ ಎಂದು ನನಗೆ ಅಂದೇ ಗೊತ್ತಿತ್ತು. ಅದಕ್ಕಾಗಿ ನಾನು ಮನೆ ಬಿಟ್ಟಿದ್ದಲ್ಲ, ನನ್ನ ಹೆಸರನ್ನೂ ಹಾಕಿ ಶಾಂತವಾಗಿ ಎಂದು ಬರೆದದ್ದಕ್ಕೆ.

ಮಗಳು

೨೫ ಮಾರ್ಚ್

ಮಗಳೇ,

ಗೊತ್ತಿದ್ದೇ ಬರೆದೆ. ಆರು ತಿಂಗಳು ಪರವಾನಗಿ ಅಮಾನತು. ಕೈಗೆ ರಜೆ ಸಿಕ್ಕಿ ಬೆರಳುಗಳು ಏನು ಮಾಡಬೇಕೆಂದು ತಿಳಿಯದೆ ಗಡ್ಡ ಕೆರೆಯುತ್ತಿವೆ.

ಲೆಕ್ಕ ಕೇಳು. ನಲವತ್ತರಲ್ಲಿ ಒಂಬತ್ತು ಮನೆಗೆ ರಸ್ತೆ ಬೇಕು. ನಾನು ಅವರ ಪರವಾಗಿ ರಸ್ತೆ ಬೇಡ ಎಂದು ಬರೆದಾಗ ಅವರ ಬಾಯಿಗೆ ನನ್ನ ನಾಲಿಗೆ ತುರುಕಿದ್ದೆ, ಅಷ್ಟೆ. ಏಳು ಮನೆಯವರು ಬಿಳಿ ಅಂಗಿಯವನ ಮಾತಿಗೋ ಭಯಕ್ಕೋ ಏನೂ ಬರೆಯುವುದಿಲ್ಲ ಎಂದರು. ನನ್ನದೂ ಸೇರಿ ಇಪ್ಪತ್ತನಾಲ್ಕು ತಕರಾರು ಆಗಿವೆ. ಇಪ್ಪತ್ತನಾಲ್ಕೂ ಬೇರೆ ಬೇರೆ. ಯಾವುದನ್ನೂ ನಾನು ತಿದ್ದಲಿಲ್ಲ, ತಿದ್ದದಿರಲು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ದರ್ಜಿಯಮ್ಮ, ಎದುರು ಕಿಟಕಿಯವರಿಗೆ ಕತ್ತರಿ ಬೇಕೆಂದರೆ ಕೂತಲ್ಲಿಂದ ಕೈ ಚಾಚಿ ಕೊಡುತ್ತೇನೆ, ಅರವತ್ತು ಅಡಿ ಕೈ ನನಗಿಲ್ಲ ಎಂದು ಬರೆದಿದ್ದಾಳೆ. ಬಡಗಿ ಎರಡೇ ಸಾಲು: ಏಳು ಕಿಲೋಮೀಟರ್ ದೂರಕ್ಕೆ ಮುರಿದ ಕುರ್ಚಿ ಹೊತ್ತುಕೊಂಡು ಯಾರೂ ಬರುವುದಿಲ್ಲ, ಹೊಸದು ಕೊಂಡುಬಿಡುತ್ತಾರೆ. ರೇಡಿಯೋ ಅಜ್ಜಿ ಹೇಳಿ ಬರೆಸಿದಳು, ಹೆಬ್ಬೆಟ್ಟು ಒತ್ತಿದಳು. "ಆ ದೊಡ್ಡ ಕಟ್ಟಡದಾಗೆ ಎಲ್ರೂ ಬಾಗ್ಲು ಹಾಕ್ಕೊಂಡಿರ್ತಾರಂತೆ. ನಾನು ಸತ್ರೆ ವಾಸನೆ ಬಂದ್ಮೇಲೇ ಗೊತ್ತಾಗೋದು. ಇಲ್ಲಾದ್ರೆ ಬೆಳಿಗ್ಗೆ ನನ್ನ ಬಾಯಿ ಕೇಳಿಸದಿದ್ರೆ ಎಂಟು ಗಂಟೆಗೆಲ್ಲ ಬಂದು ನೋಡ್ತಾರೆ." ಮೂವತ್ತೈದು ವರ್ಷದಲ್ಲಿ ಇಂಥ ಒಂದು ವಾಕ್ಯ ನನ್ನ ಮಷೀನಿನಿಂದ ಬಿದ್ದಿಲ್ಲ.

ನನ್ನದು ಬರೆಯಲು ಆರು ದಿನ ಹಿಡಿಯಿತು. ಪ್ರತಿ ಸಲ ಲೇಖನಿ ತಾನಾಗಿಯೇ "ಸದರಿ" ಎಂದು ಶುರುಮಾಡುತ್ತಿತ್ತು. ಕೊನೆಗೆ ಬರೆದದ್ದು ಇಷ್ಟು: "ಮುಂಗೋಣೆಯ ಗೋಡೆಯಲ್ಲಿ ನನ್ನ ಹೆಂಡತಿ ದಿನಾ ತಲೆಯೊರಗಿಸಿ ಕೂರುತ್ತಿದ್ದ ಗುರುತಿದೆ. ಸುಣ್ಣ ಹೊಡೆಯುವವರಿಗೆ ಆ ಜಾಗ ಬಿಡಿ ಎಂದು ಹೇಳಿ ಬಿಡಿಸಿದ್ದೇನೆ. ಅದನ್ನು ಹೊಸ ಮನೆಗೆ ಒಯ್ಯಲು ಬರುವುದಿಲ್ಲ. ಓಣಿ ಸಾಕಷ್ಟು ಅಗಲವಿದೆ ಎಂದು ಮೊದಲು ಬರೆದದ್ದು ಸುಳ್ಳು. ಓಣಿ ಸಾಲದು. ಆದರೂ ನಾನು ಹೋಗಲಾರೆ." ಇದು ತಕರಾರೋ ಗೋಳೋ ನನಗೇ ತಿಳಿಯದು. ಕಳಿಸಿದ್ದೇನೆ.

ಇಪ್ಪತ್ತನಾಲ್ಕು. ಒಂದು ಕಡಿಮೆ. ಬಿಳಿ ಅಂಗಿಯವನಿಗೂ ಹೇಗೋ ತಿಳಿದಿದೆ, ಇವತ್ತು ನನ್ನ ಕಿಟಕಿಯ ಮುಂದೆ ನಿಂತು, "ಇನ್ನು ಆರು ದಿನ ಅಲ್ವಾ ಸರ್?" ಎಂದು ನಕ್ಕು ಹೋದ. ಕೈ ಕಟ್ಟಿಕೊಂಡು ಕೂತಿರುವಾಗ ಅಂಥವನ ನಗು ಮೈಗೆ ಹತ್ತುತ್ತದೆ.

ಇಪ್ಪತ್ತೈದನೆಯದು ಎಲ್ಲಿದೆ ಎಂದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ರೇಡಿಯೋ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿಯೇ ಬಿಟ್ಟಳು. "ಪಟ್ಟೀಲಿ ಮಗಳ ಹೆಸ್ರು ಐತಲ್ಲ. ಅವಳಂಗೇ ನಾಕು ಸಾಲು ಗೀಚಿ ಸೈನು ಹಾಕಕ್ಕೆ ನಿಂಗೇನು ಹೊಸದಾ? ನಮ್ಮೆಲ್ಲರ ಮನೆ ಹೋಗ್ತೈತೆ ಕಣಯ್ಯ."

ನಿನ್ನ ಅಕ್ಷರ ನನಗೆ ಬರುತ್ತದೆ. ನಿನ್ನ ಮಾತಿನ ವರಸೆಯೂ ಬರುತ್ತದೆ. ಹಾಳೆ ತೆಗೆದೆ, ಮೇಲೆ ತಾರೀಖು ಹಾಕಿದೆ. ಅಷ್ಟು ಮಾಡಿ ಎದ್ದು ಹೊರಗೆ ಬಂದು, "ಆಗಲ್ಲಜ್ಜಿ" ಅಂದೆ. ಅವಳು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈಯಲಿ, ಹೋಗುತ್ತಿರುವುದು ಅವಳ ಮನೆ.

ನೀನು ಬರೆ ಎಂದೂ ನಾನು ಕೇಳುವುದಿಲ್ಲ. ಈ ಓಣಿ ಬೇಕು ಎನ್ನಲು ನಿನಗೆ ಯಾವ ಕಾರಣವೂ ಇಲ್ಲ. ಕೇಳುವುದೂ ನಿನ್ನ ಕೈ ಹಿಡಿದು ಬರೆಸಿದಂತೆಯೇ. ನಡೆದದ್ದನ್ನು ತಿಳಿಸಿದ್ದೇನೆ, ಅಷ್ಟೇ.

ಇಲ್ಲಿಂದ ಎತ್ತಂಗಡಿಯಾದರೆ ಹೊಸ ವಿಳಾಸ ಬರೆಯುತ್ತೇನೆ.
ಅಪ್ಪ

೨೯ ಮಾರ್ಚ್

ಗೆ,
ತಕರಾರು ಸ್ವೀಕರಿಸುವ ಅಧಿಕಾರಿಗಳು,
ಯೋಜನಾ ಕಚೇರಿ

ನಾನು ಇದೇ ಕಚೇರಿಯ ಹಳೇ ಕಡತಗಳ ಕೋಣೆಯ ಗುಮಾಸ್ತೆ. ನನ್ನ ಹೆಸರು ಅರವತ್ತು ಅಡಿ ರಸ್ತೆಗೆ ಹೋಗಲಿರುವ ಓಣಿಯ ಹದಿನೇಳನೇ ಮನೆಯ ಪಟ್ಟಿಯಲ್ಲೂ ಇದೆ. ಪಟ್ಟಿಯಲ್ಲಿ ಹೆಸರಿರುವ ಯಾರಾದರೂ ಬರೆಯಬಹುದು ಎಂದು ನಿಮ್ಮ ಪುಸ್ತಿಕೆಯ ಎರಡನೇ ಪುಟ ಹೇಳುತ್ತದೆ. ಇದರಿಂದ ನನ್ನ ಕೆಲಸಕ್ಕೆ ಏನಾಗಬಹುದು ಎಂದು ತಿಳಿದೇ ಬರೆಯುತ್ತಿದ್ದೇನೆ. ಇದು ನನ್ನ ಅಕ್ಷರ, ನನ್ನ ಸಹಿ.

ನನಗೆ ಆ ಓಣಿಯ ಮೇಲೆ ಪ್ರೀತಿಯಿಲ್ಲ. ಎರಡು ವರ್ಷದ ಹಿಂದೆ ನನ್ನ ತಾಯಿ ಆ ಓಣಿ ದಾಟುವಷ್ಟರಲ್ಲಿ ಹೋದರು. ಅರವತ್ತು ಅಡಿ ರಸ್ತೆಯ ನಕ್ಷೆ ಈ ಕಚೇರಿಗೆ ಬಂದ ದಿನ, ಯಾರಿಗೂ ಹೇಳಲಿಲ್ಲ, ನನಗೆ ಸಂತೋಷವಾಗಿತ್ತು. ಒಡೆದು ಹಾಕಲಿ ಎಂದುಕೊಂಡೆ.

ಈ ಕೋಣೆಗೆ ಬಂದ ಮೇಲೆ ಹಳೇ ನಕ್ಷೆಗಳನ್ನು ತೆಗೆದು ಅಳೆದೆ. ಆಂಬುಲೆನ್ಸ್ ಒಳಗೆ ಬಂದು ನಿಲ್ಲಲು ಒಂಬತ್ತು ಅಡಿ ಸಾಕು. ಅರವತ್ತು ಅಡಿ ಬೇಕಾಗಿರುವುದು ಮಾರುಕಟ್ಟೆಗೆ ಬರುವ ಲಾರಿಗಳಿಗೆ. ನನ್ನ ತಾಯಿಗೆ ಬೇಕಾಗಿದ್ದದ್ದು ಇನ್ನು ನಾಲ್ಕು ಅಡಿ. ಆ ನಾಲ್ಕು ಅಡಿಯನ್ನು ಯಾವ ನಕ್ಷೆಯೂ ಕೇಳಿಲ್ಲ, ಯಾವ ಅರ್ಜಿಯೂ ಕೇಳಿಲ್ಲ. ಅಂದು ಅವರನ್ನು ಹೊತ್ತ ನೆರೆಯವರನ್ನೇ ಏಳು ಕಿಲೋಮೀಟರ್ ದೂರಕ್ಕೆ ಸಾಗಹಾಕುವ ರಸ್ತೆ ಅವರ ಹೆಸರಿನಲ್ಲಿ ನನಗೆ ಬೇಡ.

ಆದ್ದರಿಂದ ಈಗಿನ ನಕ್ಷೆಗೆ ನನ್ನ ತಕರಾರಿದೆ. ಮನೆಗಳು ಉಳಿಯಲಿ, ಓಣಿ ಒಂಬತ್ತು ಅಡಿಯಾಗಲಿ. ರಸ್ತೆ ಬೇಕು ಎಂದವರ ಮಾತನ್ನೂ ಅಲ್ಲಿಯೇ ಬಂದು ಕೇಳಿ.

ಹದಿನೇಳನೇ ಮನೆಯ ಮಗಳು

(ಅಪ್ಪಾ, ಇದರ ಪ್ರತಿ ನಿನಗೆ. ನೀನು ಕೇಳಲಿಲ್ಲ ಎಂದೇ ಬರೆದೆ. ನಾಳೆ ನಾನೇ ಹೋಗಿ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳುತ್ತೇನೆ.)

೧೯ ಏಪ್ರಿಲ್

ಮಗಳೇ,

ವಿಚಾರಣೆಯ ನೋಟೀಸು ಬಂತು. ಈ ತಿಂಗಳು ಇಪ್ಪತ್ತೆಂಟು, ಬೆಳಿಗ್ಗೆ ಹತ್ತು ಗಂಟೆ, ನಲ್ಲಿ ಹತ್ತಿರ. "ಸ್ವೀಕೃತವಾದ ತಕರಾರುಗಳು: ಇಪ್ಪತ್ತೈದು" ಎಂದಿದೆ. ರೇಡಿಯೋ ಅಜ್ಜಿ ಆ ಸಾಲನ್ನು ನನ್ನಿಂದ ಏಳು ಸಲ ಓದಿಸಿದಳು. ನನ್ನನ್ನು ಬೈದದ್ದನ್ನು ಪೂರ್ತಿ ಮರೆತಿದ್ದಾಳೆ. ನಿನ್ನನ್ನು ಹೆತ್ತದ್ದೂ ತಾನೇ ಎಂಬಂತೆ ಓಡಾಡುತ್ತಿದ್ದಾಳೆ.

ನಿನ್ನ ಪ್ರತಿಯನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಮೇಲೆ ಹೋಗಿ ದಾದಿಯ ಕೈಗೆ ಕೊಟ್ಟೆ. ಅವಳು ನಿಂತಲ್ಲೇ ಓದಿದಳು. ಓದಿ ಮಡಚಿ, "ನಾನೂ ಅವತ್ತು ಮಾತಾಡ್ತೀನಿ. ಬಚ್ಚಲಿನ ವಿಷಯ ಬಿಡಲ್ಲ ಮತ್ತೆ" ಅಂದಳು. ಬಿಡಬೇಡ ಎಂದೆ.

ಗೆದ್ದೆವು ಎಂದುಕೊಳ್ಳಬೇಡ. ಬರುವವರು ಕೇಳಿ ಹೋಗುತ್ತಾರೆ, ಆಮೇಲೆ ಏನು ಬರೆಯುತ್ತಾರೋ ಅವರಿಗೇ ಗೊತ್ತು. ಬಿಳಿ ಅಂಗಿಯವನು ಇನ್ನೂ ಬರುತ್ತಾನೆ. ಮೊನ್ನೆಯಿಂದ ಜೊತೆಗೆ ಇನ್ನೊಬ್ಬನಿದ್ದಾನೆ.

ನಿನ್ನ ಕೆಲಸದ ಬಗ್ಗೆ ಒಂದು ಮಾತೂ ಬರೆದಿಲ್ಲ ನೀನು. ನಾನೂ ಕೇಳುತ್ತಿಲ್ಲ. ಹೇಳಬೇಕೆನಿಸಿದಾಗ ಹೇಳು, ಅಥವಾ ಫೋನ್ ಎತ್ತು.

ನಿನ್ನೆ ನಾನೂ ಬಡಗಿಯೂ ಟೇಪು ಹಿಡಿದು ಓಣಿ ಅಳೆದೆವು. ಒಂಬತ್ತು ಅಡಿ ಎಂದು ಬರೆದುಬಿಡುವುದು ಸುಲಭ, ಗೋಡೆಗೋಡೆಗೂ ಟೇಪು ಇಟ್ಟು ನೋಡಬೇಕಲ್ಲ. ಹೆಚ್ಚಿನ ಕಡೆ ಮೆಟ್ಟಿಲು, ಕಟ್ಟೆ, ತಗಡಿನ ಚಪ್ಪರ ಹೋದರೆ ಸಾಕು. ದರ್ಜಿಯಮ್ಮ ಬೋರ್ಡನ್ನು ಆಗಲೇ ಬಿಚ್ಚಿ ಒಳಗಿಟ್ಟಿದ್ದಾಳೆ. ಕಷ್ಟವಿರುವುದು ನಲ್ಲಿ ತಿರುವಿನಲ್ಲಿ ಒಂದೇ ಕಡೆ. ಸ್ಟ್ರೆಚರ್ ತಿರುಗದ ಆ ಮೂಲೆ ಯಾರ ಮನೆಯದು ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಅದು ನಮ್ಮ ಮುಂಗೋಣೆಯ ಮೂಲೆ.

ಬಡಗಿ ಸೀಮೆಸುಣ್ಣದಿಂದ ಹೊರಗೆ ಒಂದು ಗೆರೆ ಎಳೆದ, ಆಮೇಲೆ ಒಳಗೆ ಬಂದು ನೆಲದ ಮೇಲೆ ಅದನ್ನು ಮುಂದುವರಿಸಿದ. ಗೆರೆ ಕಿಟಕಿಯ ಕೆಳಗಿನಿಂದ ಬಂದು, ನಿನ್ನ ಅಮ್ಮ ಒರಗುತ್ತಿದ್ದ ಗೋಡೆಯನ್ನು ಸೇರಿಸಿಕೊಂಡು, ನನ್ನ ಮೇಜಿನ ನಡುವೆ ಹಾದು ಹೋಯಿತು. ಬಡಗಿ ಸುಣ್ಣ ಹಿಡಿದುಕೊಂಡೇ ನನ್ನ ಮುಖ ನೋಡಿದ.

"ಬೇರೆ ಕಡೆಯಿಂದ ಎಳೆಯೋಕೆ ಆಗ್ತದಾ ನೋಡ್ಲಾ ಮೇಷ್ಟ್ರೇ?"

"ಬೇಡ" ಅಂದೆ.

ಇಪ್ಪತ್ತೆಂಟರಂದು ಆ ಗೋಡೆಯ ಮುಂದೆ ನಿಂತು, ಇದನ್ನು ಒಡೆಯಿರಿ ಎಂದು ನಾನೇ ಬಾಯಿಬಿಟ್ಟು ಹೇಳಬೇಕು. ಈ ಸಲ ಬರೆದುಕೊಂಡು ಹೋಗುವುದಿಲ್ಲ. ನೀನು ಬರುತ್ತೀಯೋ ಇಲ್ಲವೋ, ನಿನ್ನ ಅಮ್ಮನನ್ನು ಕೂರಿಸಿ ಹೊತ್ತ ಆ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿರುತ್ತೇನೆ.

ಮೇಜನ್ನು ಗೆರೆಯ ಈಚೆಗೆ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಳಕು ಸ್ವಲ್ಪ ಕಡಿಮೆ. ಅಕ್ಷರ ಕಾಣುತ್ತದೆ.

ಅಪ್ಪ